ಹೇನಿಗೆ ಇಡದ ಹೆಸರು

ಹೇನು ನೋಡುವುದೂ ಒಂದು ಉದ್ಯೋಗವೇ ಎಂದು ನಮ್ಮ ಮೊರೊಗೊರೊ ಪೇಟೆಯಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಮ್ಲೋಕ ಮೇಷ್ಟ್ರು ಮಾತ್ರ ತಲೆ ಕೆಡಿಸಿಕೊಂಡವರಲ್ಲ. ಉಲುಗುರು ಬೆಟ್ಟದ ಕಾಡಿಲಿಗಳನ್ನು ಬೋನಿನಲ್ಲಿ ಹಿಡಿದು, ಬಿಳಿ ತಟ್ಟೆಯ ಮೇಲೆ ಬಾಚಿ, ಉದುರಿದ ಹೇನುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಲೇ ಅವರ ಕೂದಲು ನರೆಯಿತು. ನಾನು ಅವರ ಕಾಲೇಜಿನ ಜೀಪು ಓಡಿಸುವವನು.

ಮಗಳು ಹಿದಾಯ ಮಲೇರಿಯಾದಲ್ಲಿ ತೀರಿಕೊಂಡ ವರ್ಷವೇ ಅವರಿಗೊಂದು ಹೊಸ ಹೇನು ಸಿಕ್ಕಿತು, ಜಗತ್ತಿನಲ್ಲಿ ಯಾರೂ ಕಾಣದ್ದು. ಅದನ್ನು ವಿವರಿಸಿ ಬರೆದವರು ಹೆಸರಿಡಬಹುದು. ತಮ್ಮದನ್ನಲ್ಲ, ತಮಗೆ ಬೇಕಾದವರದ್ದನ್ನು. ಮಗಳ ಹೆಸರಿಡುತ್ತೇನೆ ಎಂದದ್ದೇ ತಡ, ಹೆಂಡತಿ ಬಿ ಹಾವಾ ಉಗಾಲಿ ಮುದ್ದೆ ತಿರುವುತ್ತಿದ್ದ ಸೌಟನ್ನೇ ಎತ್ತಿದರು.

"ಹಿದಾಯನ ಅಪ್ಪಾ, ತಲೆ ನೆಟ್ಟಗಿದ್ಯಾ? ಸತ್ತ ಮಗೂನ ಹೇನು ಮಾಡ್ತೀರಾ?"

"ಹಾಗಲ್ವೇ. ಅಚ್ಚಾದ್ಮೇಲೆ ಆ ಹೆಸರನ್ನ ಯಾರೂ ಅಳಿಸೋಕಾಗಲ್ಲ. ಗೋರಿ ಹಲಗೇನ ಆಗ್ಲೇ ಗೆದ್ದಲು ತಿಂದಾಯ್ತು."

ಬಿ ಹಾವಾ ಎಷ್ಟೋ ದಿನ ಮಾತು ಬಿಟ್ಟರು. ಕೊನೆಗೊಮ್ಮೆ ಚಹಾ ಮುಂದಿಟ್ಟು, "ಇಡಿ. ಅಚ್ಚಾದ ದಿನ ನಂಗೂ ತೋರ್ಸಿ," ಎಂದರು.

ಹೇನಿನ ಬಗ್ಗೆ ಬರೆಯುವಾಗ ಅದು ಯಾವ ಇಲಿಯದೆಂದು ಹೇಳಲೇಬೇಕು. ಅದಕ್ಕೇ ಚೀಲಕ್ಕೊಂದೇ ಇಲಿ ಎಂಬುದು ಈ ಕಸುಬಿನ ನೇಮ. ಇಲಿ ಸತ್ತು ತಣ್ಣಗಾದರೆ ಹೇನು ಪಕ್ಕದ ಮೈಗೆ ಹತ್ತುತ್ತದೆ. ಆ ಹೊಸ ಹೇನು ಸಿಕ್ಕ ಸಲ ಚೀಲ ಸಾಲದೆ ಮೇಷ್ಟ್ರು ಎರಡು ಜಾತಿಯ ಇಲಿಗಳನ್ನು ಒಂದರಲ್ಲೇ ತುರುಕಿದ್ದರು. ಬರೆಯಲು ಕೂತಾಗ ಅದು ನೆನಪಾಗಿ ಪೆನ್ನು ಕೆಳಗಿಟ್ಟರು.

"ಯಾವ್ದೋ ಒಂದು ಬರೀರಿ ಮೇಷ್ಟ್ರೇ, ಇಲಿ ಬಂದು ಸಾಕ್ಷಿ ಹೇಳುತ್ತಾ?" ಎಂದೆ.

"ಸುಳ್ಳಿನ ಮೇಲೆ ಮಗಳ ಹೆಸರು ಕೂರಿಸ್ಲಾ?"

ಒಂಟಿಯಾಗಿ ಚೀಲಕ್ಕೆ ಹಾಕಿದ ಇಲಿಯ ಮೈಯಲ್ಲಿ ಅಂಥದೇ ಇನ್ನೊಂದು ಹೇನು ಸಿಕ್ಕರೆ ಸಾಕಿತ್ತು. ಮತ್ತೆ ಬೆಟ್ಟ ಹತ್ತಿದೆವು. ಆ ಕಾಡನ್ನು ಬೆಟ್ಟದ ರೈತರು ಸುಟ್ಟು ಹುರುಳಿಕಾಯಿ ಹಾಕಿದ್ದರು. ಬಯ್ಯೋಣವೆಂದರೆ ಅವರೂ ಉಣ್ಣಬೇಕಲ್ಲ. ಅಲ್ಲಿಟ್ಟ ಬೋನಿಗೆ ಬಿದ್ದದ್ದು ಬರೀ ಮನೆ ಇಲಿ. ಸುತ್ತಲ ಬೆಟ್ಟಗಳಲ್ಲೂ ವರ್ಷಗಟ್ಟಲೆ ಹುಡುಕಿದೆವು. ಕಾಡಿಲಿಗಳು ಸಿಕ್ಕವು, ಆ ಹೇನು ಸಿಗಲಿಲ್ಲ. ನನಗಂತೂ ದೇವರ ಮೇಲೇ ಸಿಟ್ಟು ಬಂತು.

ಮೇಷ್ಟ್ರ ನಿವೃತ್ತಿಯ ದಿನ ನಾನೇ ಮನೆಗೆ ಬಿಟ್ಟೆ. ಬಿ ಹಾವಾ ಬಾಗಿಲಲ್ಲಿದ್ದರು.

"ಅಚ್ಚಾಯ್ತಾ?"

ಇಷ್ಟು ವರ್ಷ ಮುಚ್ಚಿಟ್ಟ ಆ ಚೀಲದ ಕಥೆಯನ್ನು ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಹೇಳಿದರು. ಬೂಟು ಬಿಚ್ಚುವ ಶಕ್ತಿಯೂ ಅವರಿಗಿರಲಿಲ್ಲ. ಬಿ ಹಾವಾ ಬಯ್ಯಲಿಲ್ಲ, ಸೆರಗನ್ನು ಬಾಯಿಗೊತ್ತಿಕೊಂಡೇ ಕೇಳಿದರು.

"ಒಂದು ಹೇನಿಗೂ ಬೇಡವಾಯ್ತಾ ನನ್ನ ಮಗಳ ಹೆಸರು?"