ಮುತ್ತಿಟ್ಟು ಸವೆದ ಮುಖ

ಇಗರ್ಜಿಯ ಮೊದಲ ಗಂಟೆ ಹೊಡೆಯುವಷ್ಟರಲ್ಲಿ ಉಲ್ಮ್ ಪಟ್ಟಣದ ಅಚ್ಚಿನ ಮನೆಯ ಕಿಟಕಿಯ ಬಳಿ ಓಟಿಲಿಯಮ್ಮ ಕೂತಾಗಿದೆ. ಮರದ ಅಂಟಿನಲ್ಲಿ ಕೆಂಪು ಕಲಸಿ, ಅಳಿಲ ಬಾಲದ ಕುಂಚ ಅದ್ದಿ, ಅಚ್ಚೊತ್ತಿದ ಹಾಳೆಯ ಮೇಲೆ ಯೇಸುಸ್ವಾಮಿಯ ಐದು ಗಾಯಗಳಿಗೆ ಬಣ್ಣವಿಡುತ್ತಾರೆ. ಒಂದೊಂದು ಗಾಯಕ್ಕೂ ತುಟಿಯಲ್ಲೊಂದು ಪ್ರಾರ್ಥನೆ.

ದಿನಕ್ಕೆ ಇನ್ನೂರು ಹಾಳೆ, ನಲವತ್ತೊಂದು ವರ್ಷದಿಂದ. ಯಾವುದರ ಮೇಲೂ ಅವರ ಹೆಸರಿಲ್ಲ. "ನಮ್ಮವ್ವನ ಕಾಲದಲ್ಲಿ ಇಡೀ ಬೀದಿಗೆ ಒಂದೇ ಹಾಳೆ. ಹೆರಿಗೆ ಮನೆಗೂ ಅದೇ, ಸಾವಿನ ಮನೆಗೂ ಅದೇ. ಈಗ ಪೆಟ್ಟಿಗೆ ಮುಚ್ಚಳಕ್ಕೂ ಒಂದೊಂದು ಅಂಟಿಸ್ತಾರೆ!" ಎಂದು ನಗುತ್ತಾರೆ.

ಅಷ್ಟರಲ್ಲಿ ನೇಕಾರರ ಎನ್ನೆಲಿನ್ ಬಟ್ಟೆಯಲ್ಲಿ ಸುತ್ತಿದ ಹಳೆಯ ಹಾಳೆಯೊಂದನ್ನು ತಂದು ಬಿಚ್ಚುತ್ತಾಳೆ. ಶಿಲುಬೆಯಿದೆ, ಮೈಯಿದೆ, ಮುಖವಿದ್ದಲ್ಲಿ ಬರೀ ಬಿಳುಪು.

"ಅಮ್ಮಾ, ಅವ್ವಂಗೆ ಇನ್ನು ಇವತ್ತೋ ನಾಳೆಯೋ. ಸ್ವಾಮಿನ ನೋಡ್ಕೊಂಡೇ ಕಣ್ಣು ಮುಚ್ತೀನಿ ಅಂತಾಳೆ. ಮುಖ ಬರ್ಕೊಡಿ."

"ಹೊಸದು ತಗೊಂಡು ಹೋಗಮ್ಮ," ಒಳಗಿನಿಂದ ಅಚ್ಚಿನ ಮನೆಯ ಯಜಮಾನ ವೆಂಡೆಲ್ ಕೂಗುತ್ತಾನೆ.

"ನೀನು ಸುಮ್ನಿರಪ್ಪ. ನಿಂಗೆ ಮಾರೋದೊಂದೇ ಗೊತ್ತು!"

ಬೈದರೂ ಓಟಿಲಿಯಮ್ಮನ ಕುಂಚ ಏಳುವುದಿಲ್ಲ. ಹಿಂದೊಮ್ಮೆ ಒಬ್ಬ ಮುದುಕಿಯ ಹೀಗೇ ಸವೆದ ಹಾಳೆಗೆ ಅವರೇ ಅಂದವಾಗಿ ಹೊಸ ಮುಖ ಬರೆದಿದ್ದರು. "ಆಯಮ್ಮ ಬೆರಳಲ್ಲಿ ಸವರಿ ನೋಡಿ, ಇದ್ಯಾರೋ ಬೇರೆಯವರು, ನನ್ನ ಸ್ವಾಮಿ ಎಲ್ಲಿ ಅಂತ ಅಳ್ತಾನೇ ಪ್ರಾಣ ಬಿಟ್ಲು. ಆ ತಪ್ಪು ನಂದು," ಎನ್ನುತ್ತಾರೆ.

"ನಿಮ್ಮವ್ವಂಗೆ ಕಣ್ಣು ಕಾಣ್ಸುತ್ತಾ?"

"ಮಬ್ಬು. ಕೆಂಪು ಬಣ್ಣ ಮಾತ್ರ ತಿಳಿಯುತ್ತೆ."

ಓಟಿಲಿಯಮ್ಮ ಕೆಂಪನ್ನು ಗಟ್ಟಿಯಾಗಿ ಕಲಸಿ ಐದು ಗಾಯಗಳನ್ನಷ್ಟೇ ತಿದ್ದುತ್ತಾರೆ. ಎನ್ನೆಲಿನ್‌ಳ ಕಣ್ಣು ತುಂಬುತ್ತದೆ. "ಮುಖ?"

"ಅದನ್ನ ನಿಮ್ಮವ್ವ ಮುತ್ತಿಟ್ಟು ಮುತ್ತಿಟ್ಟು ತನ್ನ ಹತ್ರ ಇಟ್ಕೊಂಡಾಗಿದೆ ಮಗಳೇ. ಗಾಯ ಕಂಡ್ರೆ ಸಾಕು, ಮುಖ ಎಲ್ಲಿದೆ ಅಂತ ಅವಳ ತುಟಿಗೆ ಗೊತ್ತು. ಬಣ್ಣ ಒಣಗೋ ತನಕ ಮಾತ್ರ ಕೈಗೆ ಕೊಡ್ಬೇಡ."

ಮಧ್ಯಾಹ್ನ ಸಾವಿನ ಗಂಟೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಎನ್ನೆಲಿನ್ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಗುರುತು ಹಿಡಿದ್ಲಮ್ಮ. ಕೆಂಪು ಕಂಡಿದ್ದೇ ತಡ, ನೇರ ಆ ಬಿಳೀ ಜಾಗಕ್ಕೇ ತುಟಿ ಇಟ್ಲು. ಹಾಗೇ ಹೋದ್ಲು."

ಓಟಿಲಿಯಮ್ಮ ಶಿಲುಬೆಯ ಗುರುತು ಹಾಕಿಕೊಂಡು ಮುಂದಿನ ಹಾಳೆ ಎಳೆದುಕೊಳ್ಳುತ್ತಾರೆ. ಯಾರಾದರೂ ನಿಮಗೇನು ಆಸೆ ಎಂದು ಕೇಳಿದರೆ ತುಸು ನಾಚುತ್ತಾರೆ.

"ಇಷ್ಟೊಂದು ಹಾಳೆ ಬಣ್ಣ ಮಾಡಿದೀನಲ್ಲ, ಯಾರ ಮನೇಲಾದ್ರೂ ಒಂದು ಹಂಗೆ ಸವೆದು ಬೆಳ್ಳಗಾಗ್ಲಿ. ಅಷ್ಟೇ."