ಕುಬಸದ ಸೀರೆ ನರಗುಂದ ನೋಡಿ ಬಂದದ್ದು

ಗೆಳೆಯರೇ, ಇವತ್ತು ಕುಳಗೇರಿ ಕ್ರಾಸಿನಲ್ಲಿ ಬಸುರಿ ತಂಗಿಯ ಕುಬಸ. ತವರಿನ ಹಸಿರು ಸೀರೆ, ಗುಳೇದಗುಡ್ಡದ ಖಣ ಒಯ್ಯುವ ಘನಕಾರ್ಯ ಅಣ್ಣನಾದ ನನ್ನದು. ಬಾಗಲಕೋಟೆಯಿಂದ ಹೊರಡುವ ಮೊದಲ ಬಸ್ಸು ತಪ್ಪೀತೆಂದು ರಾತ್ರಿ ಎಂಟು ಸಲ ಎದ್ದು ಗಡಿಯಾರ ನೋಡಿದೆ. ಬಸ್ಸು ತಪ್ಪಲಿಲ್ಲ. ಹಾಸಿಗೆಯಲ್ಲಿ ಬಾರದ ಗಾಢ ನಿದ್ದೆ ಸೀಟಿನಲ್ಲಿ ಬಂತು.

"ಏಳ್ರಿ ಯಜಮಾನ್ರ, ನರಗುಂದ ಬಂತು," ಎಂದ ಕಂಡಕ್ಟರ್. "ಕ್ರಾಸ್‌ನಾಗ ಅಲಗಾಡ್ಸಿದ್ರ, ಇನ್ನೈದ ನಿಮಿಷ ಅಂದ್ರಿ."

ಮರುಬಸ್ಸಿಗೆ ಕಾದು ಕ್ರಾಸಿಗೆ ತಿರುಗಿ ಬರುವಷ್ಟರಲ್ಲಿ ಆರತಿ ಮುಗಿದಿತ್ತು. ತಂಗಿ ಅತ್ತೆಯ ಹಳೆ ಸೀರೆಯುಟ್ಟು ಕುಳಿತಿದ್ದಳು. ರಾತ್ರಿ ನಿದ್ದೆ ಹರಿದುಹೋದ ಕಥೆಯನ್ನು ಗಂಭೀರವಾಗಿ ಹೇಳಿದೆ.

"ನಾನೂ ತಾಸಿಗೊಮ್ಮೆ ಏಳ್ತೇನಿ ಅಣ್ಣಾ. ಆದ್ರೂ ಹೊತ್ತಿಗೆ ಬಂದು ಕುಂತೇನಿ. ಹೋಗು, ಉಂಡು ಮಲಕೋ. ಯಾರೂ ಎಬ್ಸೂದಿಲ್ಲ."

ಮಲಗಿದ್ದೇನೆ. ಕಣ್ಣು ಮುಚ್ಚಿದರೆ ಆ ಹಳೆ ಸೀರೆ ಕಾಣುತ್ತದೆ, ಎದ್ದು ಕೂರುತ್ತೇನೆ. ಇದು ಒಂಬತ್ತನೆಯ ಸಲ.