ಕೋರ್ಟು ಏಳುವವರೆಗೆ

ಬೀಗ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಬೀಗದಣ್ಣ ಎಂದೇ ಕರೆಯುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅಣ್ಣ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅತ್ತಿಗೆ ಬಟ್ಟೆ ಹೊಲಿಯುತ್ತಿದ್ದಳು. ಬೀಗದಣ್ಣನಿಗೆ ಆ ಕೋಣೆಯ ಮೇಲೆ ಕಣ್ಣು. ವಿಷಯ ಕೋರ್ಟಿನ ಮೆಟ್ಟಿಲೇರಿತು. ಕೇಸು ಮುಗಿಯುವವರೆಗೆ ಅವಳನ್ನು ಹೊರಹಾಕಕೂಡದು ಎಂದು ಆದೇಶವಾಯಿತು.

ಅತ್ತಿಗೆ ನಾಲ್ಕು ದಿನ ತವರಿಗೆ ಹೋದದ್ದೇ ತಡ, ಅವನು ಬೀಗ ಬದಲಾಯಿಸಿಬಿಟ್ಟ. ಒಳಗೆ ಹೊಲಿಗೆ ಯಂತ್ರ, ಅರ್ಧ ಹೊಲಿದ ನಲವತ್ತು ಶಾಲಾ ಸಮವಸ್ತ್ರ. ವಾಪಸು ಬಂದ ಅತ್ತಿಗೆ ಕೂಗಾಡಲಿಲ್ಲ. ಬಾಗಿಲನ್ನೊಮ್ಮೆ ನೋಡಿ, ನೆಟ್ಟಗೆ ವಕೀಲರ ಬಳಿ ಹೋದಳು. ವಾರದಲ್ಲಿ ನ್ಯಾಯಾಂಗ ನಿಂದನೆಯ ನೋಟಿಸು ಬಂತು.

“ನಾನ್ಯಾವ ಜಡ್ಜಿಗೆ ಬೈದೆ ಸಾರ್?” ಎಂದು ಬೀಗದಣ್ಣ ತನ್ನ ವಕೀಲರನ್ನು ಕೇಳಿದ.

“ಬೈದಿದ್ರೆ ಕ್ರಿಮಿನಲ್ ನಿಂದನೆ ಆಗ್ತಿತ್ತು. ನೀನು ಆದೇಶ ಗೊತ್ತಿದ್ದೂ ಮೀರಿದೀಯ, ಇದು ಸಿವಿಲ್. ಹಾಗಂತ ಹಾಯಾಗಿರಬೇಡ, ಆರು ತಿಂಗಳು ಒಳಗೆ ಹಾಕಬಹುದು.”

ಬೀಗದಣ್ಣ ಕೈ ಮುಗಿದ. “ತಪ್ಪಾಗಿದ್ದರೆ ಕ್ಷಮಿಸಿ ಅಂತ ಬರ್ಕೊಳ್ಳಿ ಸಾರ್.”

“ಆ ‘ಆಗಿದ್ದರೆ’ ನಡೆಯಲ್ಲ. ಮೊದಲು ಹೋಗಿ ಬೀಗ ತೆಗಿ.”

ಅಂದೇ ತೆಗೆದ. ಅತ್ತಿಗೆ ಕೀಲಿ ಈಸಿಕೊಂಡು ಹೊಲಿಗೆಗೆ ಕೂತಳು.

ವಿಚಾರಣೆಯ ದಿನ ನ್ಯಾಯಾಧೀಶರು ಕೇಳಿದರು: “ಆದೇಶ ನಿಮಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಅತ್ತಿಗೆ ಎದುರಿಗೇ ನಿಂತಿದ್ದಳು.

“ಗೊತ್ತಿತ್ತು ಸ್ವಾಮಿ. ಓದಿ ಸಹಿ ಹಾಕಿದ್ದೆ. ಒಂಟಿ ಹೆಂಗಸು, ಏನ್ ಮಾಡ್ತಾಳೆ ಅಂದ್ಕೊಂಡೆ. ತಪ್ಪು ನಂದೇ.”

ಬೀಗ ತೆಗೆದಿದ್ದನ್ನೂ ಮುಚ್ಚುಮರೆಯಿಲ್ಲದ ಈ ಮಾತನ್ನೂ ನೋಡಿ ನ್ಯಾಯಾಧೀಶರು ಜೈಲಿಗೆ ಕಳಿಸಲಿಲ್ಲ. ಆ ದಿನದ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂತಿರಬೇಕೆಂದು ಸಜೆ ವಿಧಿಸಿದರು.

ಹಿಂದಿನ ಬೆಂಚಿನಲ್ಲಿ ಕೂತ. ಒಂದಾದ ಮೇಲೊಂದು ಕೇಸು ಬಂದವು. ಮಧ್ಯಾಹ್ನ ಮುದುಕಿಯೊಬ್ಬಳು, ಸ್ವಂತ ತಮ್ಮನೇ ತನ್ನನ್ನು ಮನೆಯಿಂದ ನೂಕಿದ್ದನ್ನು ತಡವರಿಸುತ್ತಾ ಹೇಳಿದಳು. ಬೀಗದಣ್ಣ ತಲೆ ಎತ್ತಲಿಲ್ಲ.

ಐದಕ್ಕೆ ಹೊರಬಂದರೆ ಮೆಟ್ಟಿಲ ಮೇಲೆ ಅತ್ತಿಗೆ.

“ಊಟ ಆಯ್ತಾ?”

“ಪೊಲೀಸಿನವರು ಏಳೋಕೇ ಬಿಡ್ಲಿಲ್ಲ. ನೀವ್ಯಾಕೆ ಕಾದ್ರಿ ಅತ್ತಿಗೆ?”

“ನಿಜ ಹೇಳಿದ್ಯಲ್ಲ, ಅದಕ್ಕೆ. ನಡಿ.”

ಎರಡು ವರ್ಷದ ಮೇಲೆ ಕೋಣೆ ಅತ್ತಿಗೆಯದೆಂದೇ ತೀರ್ಪಾಯಿತು. ಮೇಲ್ಮನವಿ ಹಾಕೋಣವೇ ಎಂದ ವಕೀಲರಿಗೆ ಬೀಗದಣ್ಣ, “ಬೇಡ ಸಾರ್, ಅಲ್ಲಿ ಅವರು ಹೊಲಿಗೆ ಹಾಕ್ತಿದ್ದಾರೆ,” ಎಂದಷ್ಟೇ ಹೇಳಿ ಅಂಗಡಿಗೆ ಹೊರಟ.